ಟಿಸಿ ಪಕ್ಕದ ಮನಿಗೆ ಮೇನ್ ಬ್ರೇಕರ್ ಆರಿಸೋದು: ಕಲಬುರಗಿಯೊಳಗ ನಮಗಾದ ಅನುಭವ

ಮನಿ ಮೇನ್ ಬೋರ್ಡ್ ಕೆಲಸ ಅಂತೂ ಮುಗೀತ್ರಿ. ಮೀಟರ್ ಸೀಲ್ ಆತು, ವೈರ್‌ಮನ್ ಲೆಕ್ಕಾ ಚುಕ್ತಾ ಆತು, ಈಗ ಪುರುಸೊತ್ತಾಗಿ ಕುಂತು ಬರೀಲಿಕತ್ತೀನಿ. ಈ ವಿಷಯದಾಗ ಕೇಳಿದವ್ರೆಲ್ಲ ಒಬ್ಬೊಬ್ರು ಒಂದೊಂದು ಹೇಳಿ ನನ್ನ ತಲಿ ಕೆಡಿಸಿಬಿಟ್ರು, ಮನಿ ಕಟ್ಟಿಸೋ ಗಡಿಬಿಡ್ಯಾಗ ಇರೋ ಮಂದಿಗೆ ಅಷ್ಟಾದ್ರೂ ಗೊಂದಲ ತಪ್ಪಲಿ ಅಂತ.

ನಮ್ಮ ಮನಿ ಸೇಡಂ ರೋಡ್ ಕಡೆ. ಕೆಳಗ ನಾವು, ಮ್ಯಾಲ ಎರಡು ಫ್ಲೋರ್ ಬಾಡಿಗಿಗೆ. ತ್ರೀ ಫೇಸ್, 15 ಕಿಲೋವ್ಯಾಟ್ ಲೋಡ್. ಕಾಂಪೌಂಡಿಗೆ ಹತ್ತಿದಂಗ ಓಣಿ ಟ್ರಾನ್ಸ್‌ಫಾರ್ಮರ್ ಅದ, ನಾವೆಲ್ಲ ಟಿಸಿ ಅಂತೀವಲ್ಲ ಅದೇ. ಪ್ಲಾಟ್ ತಗೊಳ್ಳುವಾಗ ಎಲ್ರೂ ಅಂದ್ರು, ಛಲೋ ಆತು ಬಿಡು, ನಿಮಗ ವೋಲ್ಟೇಜ್ ಡ್ರಾಪ್ ಚಿಂತಿ ಇಲ್ಲ, ಬೇಸಿಗ್ಯಾಗ ಎಸಿ ಆರಾಮ ಓಡ್ತದ. ಅದು ಖರೇನೂ ಹೌದು. ಆದ್ರ ವೋಲ್ಟೇಜ್ ಕುಸೀದಂಗ ಕಾಯೋ ಸಮೀಪಾನೇ ಶಾರ್ಟ್ ಆದಾಗ ಬರೋ ಕರೆಂಟನ್ನೂ ದೊಡ್ಡದು ಮಾಡ್ತದ, ಅದನ್ನ ಮಾತ್ರ ಯಾರೂ ಹೇಳ್ಲಿಲ್ಲ.

ವೈರ್‌ಮನ್ ಕೊಟ್ಟ ಕೊಟೇಶನ್ ಒಂದೇ ಹಾಳಿ. ಮೇನಿಗೆ 63 ಆಂಪಿಯರ್ ನಾಲ್ಕು ಪೋಲ್ ಎಂಸಿಬಿ (ಲೋಡ್ ಮೀರಿದ್ರ, ಶಾರ್ಟ್ ಆದ್ರ ತಾನಾಗೇ ಬೀಳೋ ಸ್ವಿಚ್), ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಬೀಳೋ ಸ್ವಿಚ್), ಆಮ್ಯಾಲ 32, 20, 16, 10 ಅಂತ ಸಾಲಾಗಿ ಎಂಸಿಬಿಗಳು. ಎಲ್ಲಾ ಆಂಪಿಯರ್‌ನಾಗೇ. ನಮ್ಮ ಕಾಕಾನ ಮಗ ಸಿಮೆಂಟ್ ಫ್ಯಾಕ್ಟರಿ ಎಲೆಕ್ಟ್ರಿಕಲ್ ಕಡೆ ಕೆಲಸ ಮಾಡ್ತಾನ, ಅವ್ನಿಗೆ ಆ ಹಾಳಿ ಫೋಟೋ ಕಳಿಸ್ದೆ. ತಿರುಗಿ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಅಣ್ಣಾ, ಇದ್ರಾಗ ಕೆಎ ಎಲ್ಲದ? ಟಿಸಿ ಎಷ್ಟು ದೂರದಾಗ ಅದ, ಯಾವ ಸೈಜ್ ಅದ?"

ನಾನು ಅಲ್ಲೀತನಾ ಆ ಪ್ರಶ್ನಿನೇ ಕೇಳಿರಲಿಲ್ಲ. ಕೆಎ ಅಂದ್ರ ಕಿಲೋ ಆಂಪಿಯರ್, ಸಾವಿರ ಆಂಪಿಯರ್. ಅವ ಬಿಡಿಸಿ ಹೇಳಿದ್ದು ಹಿಂಗ. ಎಂಸಿಬಿ ಮ್ಯಾಲ ಎರಡು ನಂಬರ್ ಇರ್ತಾವ. ಸಿ32 ಅಂತ ದೊಡ್ಡದಾಗಿ ಇರೋದು ದಿನಾ ಎಷ್ಟು ಕರೆಂಟ್ ಹರೀಬಹುದು ಅನ್ನೋದು. ಅದರ ಕೆಳಗ ಸಣ್ಣ ಆಯತದೊಳಗ 6000 ಅಂತನೋ 10000 ಅಂತನೋ ಇರ್ತದ, ಅದಕ್ಕ ಆಜುಬಾಜು ಒಂದು ಸಣ್ಣ ಚೌಕದಾಗ 3 ಅಂತ ಇರ್ತದ. ಆಯತದಾಗಿಂದು ಬ್ರೇಕಿಂಗ್ ಕೆಪಾಸಿಟಿ, ಅಂದ್ರ ಶಾರ್ಟ್ ಆದಾಗ ಎಷ್ಟು ಆಂಪಿಯರ್‌ತನಾ ಆ ಎಂಸಿಬಿ ತಾನು ಒಡೀದೇ ಕರೆಂಟ್ ಕಡೀಬಲ್ಲದು ಅಂತ. 10000 ಅಂದ್ರ 10 ಕೆಎ. ಚೌಕದಾಗಿನ 3 ಶಾರ್ಟ್ ಹೊತ್ತಿನ್ಯಾಗ ಒಳಗ ಬಿಡೋ ಶಕ್ತಿ ಎಷ್ಟು ಕಡಿಮಿ ಅನ್ನೋ ಕ್ಲಾಸು, 3 ಎಲ್ಲಾಕಿಂತ ಛಲೋ. ಮನಿಗೆ ಬಳಸೋ ಎಂಸಿಬಿ ಐಎಸ್/ಐಇಸಿ 60898 ಪ್ರಕಾರ ಇರ್ತಾವ, ಆಯತದ ಗುರುತು ಆ ಸ್ಟ್ಯಾಂಡರ್ಡ್‌ದೇ. ಫೋನ್ ಟಾರ್ಚ್ ಹಾಕಿ ಝೂಮ್ ಮಾಡಿ ನಿಮ್ಮ ಮನಿ ಬೋರ್ಡ್ ಒಮ್ಮಿ ನೋಡ್ರಿ, ಕಾಣಸ್ತದ.

ಕೆಪಾಸಿಟಿ ಮೀರಿದ್ರ ಏನಾಗ್ತದ ಅನ್ನೋದು ನಮ್ಮ ಓಣ್ಯಾಗೇ ನೋಡಾಕ ಸಿಕ್ತು. ಟಿಸಿಗೆ ಆ ಕಡಿ ಮಗ್ಗಲಿನ ಅಂಗಡ್ಯಾಗ ಬೋರ್ ಮೋಟರ್ ಕೇಬಲ್ ಜಾಯಿಂಟ್ ಕೂಡಿ ಶಾರ್ಟ್ ಆಗಿತ್ತಂತ, ತೆಗೆದಿಟ್ಟ ಹಳೇ ಎಂಸಿಬಿ ಅಂಗಡಿಯವ್ರು ತೋರಿಸಿದ್ರು. ಮುಖದ ಪ್ಲಾಸ್ಟಿಕ್ ಉದ್ದುದ್ದ ಸೀಳಿತ್ತು, ಪಕ್ಕಕ್ಕ ಕಪ್ಪು ಮಸಿ, ಲಿವರ್ ಕೆಳಗ ಎಳೆದ್ರೂ ಒಳಗ ಕಾಂಟ್ಯಾಕ್ಟ್ ಬೆಸಿಗಿ ಹಾಕಿದಂಗ ಅಂಟಿತ್ತು. ಆಯತದಾಗ 3000 ಅಂತ ಇತ್ತು. ಕಡೀಬೇಕಾದ ಸಾಮಾನು ಕಡೀಲಾರದೇ ಆನ್ ಆಗೇ ಉಳದ್ರ ಮುಂದ ಉರಿಯೋದು ಕೇಬಲ್. ಅದನ್ನ ನೋಡಿದ ರಾತ್ರಿ ನಂಗಂತೂ ನಿದ್ದಿ ಹತ್ತಲಿಲ್ಲ, ನಮ್ಮ ಮೇನ್ ಬೋರ್ಡ್ ಇರೋದು ಜಿನಿ ಕೆಳಗ, ಅವ್ವ ಮಲಗೋ ಖೋಲಿ ಗೋಡಿಗೆ.

ಸರಿ, ನಮ್ಮ ಬೋರ್ಡಿಗೆ ಎಷ್ಟು ಕರೆಂಟ್ ಬರ್ತದ ಅಂತ ತಿಳೀಬೇಕಲ್ಲ. ಮೊದಲ ಟಿಸಿ ನೇಮ್‌ಪ್ಲೇಟ್ ಬೇಕು. ಬೇಲಿ ಒಳಗ ಹೋಗಬ್ಯಾಡ್ರಿ, ನಾ ಮಾಳಿಗಿ ಮ್ಯಾಲ ನಿಂತು ಫೋನ್‌ನಾಗ ಝೂಮ್ ಮಾಡಿ ಫೋಟೋ ತೆಗೆದೆ. 250 ಕೆವಿಎ, 11000/433 ವೋಲ್ಟ್, ಇಂಪೀಡೆನ್ಸ್ (ಟಿಸಿ ಒಳಗಿನ ಅಡ್ಡಿ) 4.5 ಪರ್ಸೆಂಟ್. ಬೇಕಾಗೋದು ಇಷ್ಟೇ. ಕಾಕಾನ ಮಗ ಹಾರ್ಡ್‌ವೇರ್ ಬಿಲ್ ಹಿಂದುಗಡೆ ಲೆಕ್ಕಾ ಹಾಕಿ ತೋರಿಸ್ದ: 2,50,000 ನ್ನ 1.732 ಮತ್ತ 433 ರಿಂದ ಭಾಗಿಸಿದ್ರ ಫುಲ್ ಲೋಡ್ ಕರೆಂಟ್ 333 ಆಂಪಿಯರ್. ಅದನ್ನ 0.045 ರಿಂದ ಭಾಗಿಸಿದ್ರ 7,400 ಆಂಪಿಯರ್. ಟಿಸಿ ಬಾಯಾಗೇ ಶಾರ್ಟ್ ಆದ್ರ ಹೆಚ್ಚಂದ್ರ ಇಷ್ಟು ಬರ್ತದ. 11 ಕೆವಿ ಲೈನಿನ ಅಡ್ಡಿ ಲೆಕ್ಕಕ್ಕ ಹಿಡಿದಿಲ್ಲ, ಹಂಗಾಗಿ ಖರೇ ಕರೆಂಟ್ ಇದಕ್ಕಿಂತ ಸ್ವಲ್ಪ ಕಡಿಮಿನೇ ಇರ್ತದ, ಆರಿಸಲಿಕ್ಕ ಇದು ಸೇಫ್ ಬಾಜು.

ಅಲ್ಲಿಂದ ಮನಿತನಾ ಬರೋ ಕೇಬಲ್ ಇದನ್ನ ಇಳಸ್ತದ, ಎಷ್ಟು ಇಳಸ್ತದ ಅನ್ನೋದು ಉದ್ದ ಮತ್ತ ದಪ್ಪದ ಮ್ಯಾಲ. ನಮ್ಮದು ಬರೇ 10 ಮೀಟರ್. ಅದೂ ಕಾಂಟ್ರ್ಯಾಕ್ಟರ್ ಮತ್ತೊಂದು ಸೈಟಿನ್ಯಾಗ ಉಳಿದ 35 ಸ್ಕ್ವೇರ್ ಎಂಎಂ ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್ ಅಗ್ಗದಾಗ ಸಿಕ್ತು ಅಂತ ಎಳದಿದ್ದ, "ಮುಂದ ಲೋಡ್ ಹೆಚ್ಚಾದ್ರೂ ಚಿಂತಿಲ್ರಿ ಸೌಕಾರ್ರ" ಅಂತ. ಲೋಡಿಗೆ ಚಿಂತಿಲ್ಲ, ಆದ್ರ ದಪ್ಪ ಕೇಬಲ್ ಫಾಲ್ಟ್ ಕರೆಂಟ್‌ನೂ ದಂಡಿಯಾಗಿ ಬಿಡ್ತದ. ಲೆಕ್ಕ ಹಾಕಿದ್ರ ನಮ್ಮ ಮೇನ್ ಬೋರ್ಡ್‌ನಾಗ ಮೂರೂ ಫೇಸ್ ಕೂಡಿದ್ರ ಸುಮಾರು 6.6 ಕೆಎ. ಅದೇ ಟಿಸಿಯಿಂದ 30 ಮೀಟರ್ ದೂರದ, 16 ಸ್ಕ್ವೇರ್ ಎಂಎಂ ಅಲ್ಯುಮಿನಿಯಂ ಸರ್ವಿಸ್ ಇರೋ ಮನಿಗೆ ಹಾಕಿ ನೋಡಿದ್ವಿ, ಬರೇ 3.4 ಕೆಎ ಚಿಲ್ಲರ. ಒಂದೇ ಓಣಿ, ಒಂದೇ ಟಿಸಿ, ಕರೆಂಟ್ ಅರ್ಧಕ್ಕ ಅರ್ಧ. ಹಂಗಾಗಿ ಬಾಜು ಮನಿಯವ್ರು ಏನ್ ಹಾಕ್ಯಾರ ಅಂತ ನೋಡಿ ನೀವೂ ಅದನ್ನೇ ಹಾಕೋದು ಇದ್ರಾಗ ಉಪಯೋಗಕ್ಕ ಬರಂಗಿಲ್ಲ.

ಲೆಕ್ಕದ ಮ್ಯಾಲ ವೈರ್‌ಮನ್‌ಗ ನಂಬಿಗಿ ಬರಲಿಲ್ಲ, ಮೀಟರ್ ಹಚ್ಚೇ ನೋಡೋಣ ಅಂದ. ಕಾಕಾನ ಮಗ ಗೆಳೆಯಾನ ಕಡಿಂದ ಲೂಪ್ ಟೆಸ್ಟರ್ (ಟಿಸಿಯಿಂದ ಬೋರ್ಡ್‌ತನಾ ಇರೋ ಅಡ್ಡಿ ಓಮ್‌ನಾಗ ಅಳೆಯೋ ಮೀಟರ್) ತಂದ. ಇಲ್ಲೊಂದು ಗೊತ್ತಿರಲಿ: ಸಾಮಾನ್ಯ ಟೆಸ್ಟರ್ 0.01 ಓಮ್‌ಕಿಂತ ಸಣ್ಣದು ತೋರಸಂಗಿಲ್ಲ. ನಮ್ಮಲ್ಲಿ ಫೇಸ್-ನ್ಯೂಟ್ರಲ್ ನಡುವ ಒಮ್ಮಿ 0.04, ಮತ್ತೊಮ್ಮಿ 0.05, ಒಮ್ಮೊಮ್ಮಿ 0.03 ತೋರಸ್ತು. 240 ವೋಲ್ಟ್ ಹಿಡಿದ್ರ 0.05 ಕ್ಕ 4.8 ಕೆಎ, 0.03 ಕ್ಕ 8 ಕೆಎ. ಕಡೀ ಅಂಕಿ ಒಂದು ಆಚೀಚಿ ಆದ್ರ ಉತ್ತರ ಹಿಂಗ ಜಿಗೀತದ. ಟಿಸಿ ದೂರ ಇದ್ದ ಮನಿಗೆ ಈ ಮೀಟರ್ ಛಲೋ, ಟಿಸಿ ಬುಡದಾಗ ಇರೋ ಮನಿಗೆ ನೇಮ್‌ಪ್ಲೇಟ್ ಲೆಕ್ಕಾನೇ ನಂಬಬಹುದು.

6.6 ಅಂದ ಮ್ಯಾಲ 6 ಕೆಎ ಎಂಸಿಬಿ ಬಾದ್, 10 ಕೆಎ ಸಾಕು ಅಂತ ಆತು. ಇಲ್ಲೂ ಒಂದು ಮಾತು: 10000 ಬರೆದ ಎಂಸಿಬಿ 10 ಕೆಎ ಫಾಲ್ಟ್ ಕಡೀತದ, ಆದ್ರ ಅದಾದ ಮ್ಯಾಲ ಅದನ್ನ ಮತ್ತ ಬಳಸಬಹುದು ಅನ್ನೋ ಖಾತ್ರಿ ಇಲ್ಲ. ಕಡಿದು ಮತ್ತ ಸೇವೆಗೆ ನಿಲ್ಲೋ ಮಟ್ಟ ಸ್ಟ್ಯಾಂಡರ್ಡ್ ಪ್ರಕಾರ ಅದರ ಮುಕ್ಕಾಲು, 7.5 ಕೆಎ. ನಮ್ಮ 6.6 ಅದರೊಳಗೇ ಬಂತು. ನಾನೂ ಹಗುರಾದೆ, ನಾಲ್ಕು ಪೋಲ್ 10 ಕೆಎ ಎಂಸಿಬಿ ತರಸಬೇಕು ಅಂತ ಮಾತಾತು.

ಅಷ್ಟರಾಗ ಲೈನ್‌ಮನ್ ಕಾಕಾ ಚಾ ಕುಡೀತಾ ಕುಂತಾಗ ಸಹಜ ಅಂದ್ಬಿಟ್ಟ: "ಹಿಂದ ಎರಡು ಅಪಾರ್ಟ್‌ಮೆಂಟ್ ಏಳ್ಲಿಕತ್ತಾವ, ಬೇಸಿಗಿ ಲೋಡ್ ಇದು ತಡೀವಲ್ದು, ಈ ಟಿಸಿ ತೆಗೆದು 500 ರದ್ದು ಕೂಡಸ್ತಾರ ನೋಡ್ರಿ." ಸೆಕ್ಷನ್ ಆಫೀಸಿಗೆ ಹೋಗಿ ಕೇಳಿದೆ, ಅಲ್ಲಿನ ಸಾಹೇಬ್ರು ಕೂಡ್ರಿಸಿ ಹೇಳಿದ್ರು, ಪ್ರಸ್ತಾವ ಅದ ಅಂತ. ಮನಿಗೆ ಬಂದು ಮತ್ತ ಬಿಲ್ ಹಿಂದುಗಡೆ ಲೆಕ್ಕ. 500 ಕೆವಿಎ, ಅದೇ 4.5 ಪರ್ಸೆಂಟ್ ಹಿಡಿದ್ರ ಟಿಸಿ ಬಾಯಾಗ 14.8 ಕೆಎ, ನಮ್ಮ ಮೇನ್ ಬೋರ್ಡ್‌ನಾಗ ಹನ್ನೆರಡರ ಆಸುಪಾಸು. 10 ಕೆಎ ಎಂಸಿಬಿ ಮೇನಿಗೆ ಸಾಲಂಗಿಲ್ಲ. ನಮ್ಮ ಮನಿಯೊಳಗ ಒಂದು ಬಲ್ಬೂ ಹೆಚ್ಚಾಗಿಲ್ಲ, ಆದ್ರೂ ಬ್ರೇಕರ್ ಸಣ್ಣದಾತು. ಗೃಹಪ್ರವೇಶದ ಕಾರ್ಡ್ ಪ್ರಿಂಟಿಗೆ ಹೋಗಿದ್ದವು, ಆ ಹೊತ್ತಿನ್ಯಾಗ ಇದೇನ್ ಹೊಸಾ ಬ್ಯಾನಿ ಅಂತ ಖರೇನ ಸಿಟ್ಟು ಬಂತು, ಯಾರ ಮ್ಯಾಲ ಅಂತ ಮಾತ್ರ ಗೊತ್ತಾಗಲಿಲ್ಲ.

ಮುಂದ ನಮ್ಮ ಎದುರು ಮೂರು ದಾರಿ ಇದ್ವು. ಒಂದು, ಎಚ್‌ಆರ್‌ಸಿ ಫ್ಯೂಸ್ (ದೊಡ್ಡ ಶಾರ್ಟ್ ಕಡಿಯೋ ಮುಚ್ಚಿದ ಫ್ಯೂಸ್) ಇರೋ ಸ್ವಿಚ್ ಫ್ಯೂಸ್ ಯೂನಿಟ್. ಇದರ ತಾಕತ್ತು 80 ಕೆಎ, ರೊಕ್ಕಾನೂ ಕಡಿಮಿ, ಭರ್ಜರಿ ಫಾಲ್ಟಿಗೆ ಇದರಷ್ಟು ಲಗೂನ ಕಡಿಯೋದು ಅಪರೂಪ. ಆದ್ರ ಹೋದ ಫ್ಯೂಸ್ ಬದಲಿ ಹಾಕ್ಬೇಕು, ಅದೇ ರೇಟಿಂಗಿನ ಸ್ಪೇರ್ ಮನ್ಯಾಗ ಇರ್ಬೇಕು, ಒಂದೇ ಫೇಸ್ ಫ್ಯೂಸ್ ಹೋದ್ರ ತ್ರೀ ಫೇಸ್ ಮೋಟರ್ ಎರಡು ಫೇಸ್ ಮ್ಯಾಲ ಓಡಿ ಸುಡ್ತದ. ನಾ ಊರಾಗ ಇಲ್ಲದಾಗ ಅವ್ವಗ, ಬಾಡಿಗಿಯವ್ರಿಗೆ ಇದು ಆಗೋ ಮಾತಲ್ಲ, ಯಾರರ ತಾಮ್ರದ ತಂತಿ ಸುತ್ತಿ ಕೂಡಸಿಬಿಟ್ರ ಮುಗೀತು. (ಹಳೇ ಕಿಟ್‌ಕ್ಯಾಟ್ ಫ್ಯೂಸ್ ಇಟ್ಟವ್ರಿಗೆ: ಅದರ ತಾಕತ್ತು ಎಚ್‌ಆರ್‌ಸಿ ಸನೇಕ್ಕೂ ಬರಂಗಿಲ್ಲ, ಟಿಸಿ ಬುಡದ ಮನ್ಯಾಗ ಅದನ್ನ ಇಡಬ್ಯಾಡ್ರಿ.) ಎರಡು, 15 ಇಲ್ಲಾ 25 ಕೆಎದ್ದು ದೊಡ್ಡ ತಾಕತ್ತಿನ ಎಂಸಿಬಿ. ಸೂಪರ್ ಮಾರ್ಕೆಟ್ ಕಡೆ ತಿರುಗಾಡಿದ ಅಂಗಡ್ಯಾಗ ಯಾರ ಹತ್ರನೂ ಇರ್ಲಿಲ್ಲ. ಮೂರು, ಎಂಸಿಸಿಬಿ, ಅಂದ್ರ ಎಂಸಿಬಿಗಿಂತ ದೊಡ್ಡ ಗಾತ್ರದ, ದೊಡ್ಡ ತಾಕತ್ತಿನ ಬ್ರೇಕರ್. ಇದು ಬ್ಯಾರೆ ಸ್ಟ್ಯಾಂಡರ್ಡ್, ಐಎಸ್/ಐಇಸಿ 60947-2, 16, 25, 36 ಕೆಎ ಅಂತ ಸಿಗ್ತದ. ನಾವು 63 ಆಂಪಿಯರ್, ನಾಲ್ಕು ಪೋಲ್, 25 ಕೆಎ ಎಂಸಿಸಿಬಿ ಅಂತ ಪಕ್ಕಾ ಮಾಡಿದ್ವಿ. 16 ಕೆಎದ್ದೂ ಲೆಕ್ಕಕ್ಕ ಸಾಕಿತ್ತು, ಅಂಗಡಿಯವ್ರು ಹೇಳಿದ ರೇಟಿನ್ಯಾಗ ಫರಕು ಸಣ್ಣದಿತ್ತು ಅಂತ 25.

ಅಂಗಡ್ಯಾಗ ಕೇಳುವಾಗ ನಿಮಗೂ ಇದೇ ಆಗ್ತದ, ತಯಾರಿರ್ರಿ. "63 ಆಂಪಿಯರ್ ಎಂಸಿಸಿಬಿ" ಅಂದ್ರ ಕೈಗೆ ಸಿಕ್ಕದ್ದು ಕೊಡ್ತಾರ, ಕೆಎ ಕೇಳಿದ್ರ "ಎಲ್ಲಾ ಒಂದೇ ಭಾಯ್" ಅಂತಾರ. ಒಂದೇ ಅಲ್ಲ. ಲೇಬಲ್ ಮ್ಯಾಲ ಐಸಿಯು (ಹೆಚ್ಚಂದ್ರ ಕಡಿಯೋದು), ಐಸಿಎಸ್ (ಕಡಿದು ಮತ್ತ ಸೇವೆಗೆ ನಿಲ್ಲೋದು) ಅಂತ ಎರಡು ಸಾಲು ಇರ್ತಾವ, ಎರಡನ್ನೂ 415 ವೋಲ್ಟ್ ಸಾಲಿನ್ಯಾಗ ಓದ್ರಿ. ಅದೇ ಬ್ರೇಕರಿಗೆ 230 ವೋಲ್ಟಿಗೆ ದೊಡ್ಡ ನಂಬರ್ ಇರ್ತದ, ಅದನ್ನೇ ತೋರಿಸಿ ಮಾರೋರು ಅದಾರ. ನಮ್ಮದು ಹೈದರಾಬಾದಿಂದ ಬರಬೇಕಾತು, ಇವತ್ತು ನಾಳೆ ಅಂತ ಅಂಗಡಿಯವ ಜಗ್ಗಿದ, ಅಷ್ಟೊತ್ತಿಗೆ ಪೇಂಟರ್ ಬಂದು ಜಿನಿ ಕೆಳಗಿನ ಗೋಡಿ ಬಣ್ಣಾನೂ ಬಳದು ಹೋದ. ಎಂಸಿಬಿ ತಗೊಳ್ಳುವಾಗ ಐಎಸ್‌ಐ ಮಾರ್ಕ್ ಕೆಳಗಿನ ಸಿಎಂ/ಎಲ್ ನಂಬರನ್ನ ಬಿಐಎಸ್ ಕೇರ್ ಆ್ಯಪ್‌ನಾಗ ಹಾಕಿ ನೋಡ್ರಿ, ಲೈಸೆನ್ಸ್ ಯಾರ ಹೆಸರಲೆ ಅದ ಅಂತ ತೋರಸ್ತದ. ಒಂದು ಅಂಗಡ್ಯಾಗ ಹಾಕಿದ ನಂಬರಿಗೆ ಬ್ಯಾರೆ ಸಾಮಾನೇ ಬಂತು, ಸುಮ್ನ ಎದ್ದು ಬಂದೆ.

ಬ್ರೇಕರ್ ಬಂತು, ಡಬ್ಬಿ ಬಿಚ್ಚಿದ್ವಿ, ಅಷ್ಟೊತ್ತಿಗೆ ಗೊತ್ತಾತು ಇದು ಎಂಸಿಬಿ ಡಿಬಿ (ಎಂಸಿಬಿ ಕೂಡಸೋ ಪೆಟ್ಟಿಗಿ) ಒಳಗ ಕೂಡಂಗಿಲ್ಲ. ಎಂಸಿಸಿಬಿಗೆ ತನ್ನದೇ ಕಬ್ಬಿಣದ ಪೆಟ್ಟಿಗಿ ಬೇಕು, ಅದೂ ಆಳ ಇರೋದು. ಹೊಸಾ ಬಣ್ಣ ಬಳದ ಗೋಡಿ ಮತ್ತ ಕೊರೀಬೇಕಾತು. ಅವ್ವ ನೋಡಿ, "ಮನಿ ಹೊಕ್ಕೊಳ್ಳೋಕಿಂತ ಮೊದಲೇ ಒಡೀಲಿಕ್ಕ ಹತ್ತೀರಲ್ಲೋ ಯಪ್ಪಾ" ಅಂದ್ಲು. ಅಲ್ಯುಮಿನಿಯಂ ಕೇಬಲ್ ತುದಿಗೆ ಬೈಮೆಟಲ್ ಲಗ್ (ಅಲ್ಯುಮಿನಿಯಂ-ತಾಮ್ರ ಎರಡೂ ಇರೋ ಜೋಡಣಿ ತುದಿ) ಹಾಕಿ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್‌ಲೆ ಒತ್ತಬೇಕು, ವೈರ್‌ಮನ್ ಸುತ್ತಿಗಿಲೆ ಬಡಿದು ಕೂಡಿಸ್ಲಿಕ್ಕ ಹೊಂಟಿದ್ದ, ನಿಲ್ಲಿಸಿ ಟೂಲ್ ಬಾಡಿಗಿಗೆ ತರಸಿದ್ವಿ. ಟರ್ಮಿನಲ್ ಬೋಲ್ಟಿಗೆ ಎಷ್ಟು ಟಾರ್ಕ್ ಅಂತ ಬ್ರೇಕರ್ ಜೊತಿ ಬಂದ ಚೀಟ್ಯಾಗೇ ಇರ್ತದ, ಓದಿಸಿ ಬಿಗಿ ಮಾಡಸ್ರಿ. ಎರಡು ಫೇಸ್ ನಡುವ ನಿಲ್ಲಿಸೋ ಫೇಸ್ ಬ್ಯಾರಿಯರ್ ಪಟ್ಟಿ ಡಬ್ಬ್ಯಾಗ ಇರ್ತಾವ, ಅವನ್ನ ಬಿಸಾಕಬ್ಯಾಡ್ರಿ. ನಮ್ಮಾವ ಕಸದ ಜೊತಿ ಹೊರಗ ಹಾಕಿದ್ದ, ಹುಡುಕಿ ತಂದೆ.

ಕಾಗದಪತ್ರ: ಲೈಸೆನ್ಸ್ ಇರೋ ಕಾಂಟ್ರ್ಯಾಕ್ಟರ್ ಸಹಿ ಮಾಡಿದ ಕಂಪ್ಲೀಶನ್ ರಿಪೋರ್ಟ್, ವೈರಿಂಗ್ ಡಯಾಗ್ರಾಮ್, ಟ್ಯಾಕ್ಸ್ ರಸೀದಿ, ಖಾತಾ, ಆಧಾರ್. ಡಯಾಗ್ರಾಮ್ ಮೊದಲ ಬರೆದಾಗ ಬರೇ ಆಂಪಿಯರ್ ಇತ್ತು, ನಾ ಕೂತು ಮೇನಿಗೆ 25 ಕೆಎ, ಒಳಗ 10 ಕೆಎ ಅಂತ ಬರೆಸಿದೆ, ನಾಳೆ ಯಾರರ ಬದಲಿ ಹಾಕುವಾಗ ಗೊತ್ತಾಗ್ಲಿ ಅಂತ. ಮೀಟರಿನ ಆ ಕಡಿ ತಂತಿ ಮುಟ್ಟೋ ಕೆಲಸ ಇದ್ರ ಲೈನ್‌ಮನ್ ಬಂದು ಕಂಬದ ಮ್ಯಾಲ ಬಂದ್ ಮಾಡೇ ಆಗಬೇಕು. "ಎರಡು ನಿಮಿಷದ ಕೆಲಸ, ಹ್ಯಾಂಡ್‌ಗ್ಲೌಸ್ ಅದಾವ" ಅಂತ ವೈರ್‌ಮನ್ ಅಂದ್ರ ಒಪ್ಪಬ್ಯಾಡ್ರಿ, ಮೊದಲ ಫ್ಯೂಸಿಗೆ ಮೊದಲು ಶಾರ್ಟ್ ಆದ್ರ ಅಲ್ಲಿ ಲಗೂನ ಕಡಿಯೋ ಸಾಮಾನೇ ಇರಂಗಿಲ್ಲ.

ಈಗ ರೊಕ್ಕ ಉಳಿಸೋ ಸುದ್ದಿ. ಮೇನಿಗೆ 25 ಕೆಎ ಅಂದ್ಕೂಡ್ಲೇ ವೈರ್‌ಮನ್ ಮ್ಯಾಲಿನ ಫ್ಲೋರ್ ಬೋರ್ಡಿಗೂ ದೊಡ್ಡದ್ದೇ ಹಾಕೋಣ ಅಂದ. ಬ್ಯಾಡ. ಎರಡನೇ ಫ್ಲೋರಿಗೆ 10 ಸ್ಕ್ವೇರ್ ಎಂಎಂ ತಾಮ್ರದ ತಂತಿ 15 ಮೀಟರ್ ಹೋಗ್ತದ, ಅಲ್ಲಿ ಫೇಸ್-ನ್ಯೂಟ್ರಲ್ ಶಾರ್ಟ್ ಆದ್ರ ಈಗಿನ ಟಿಸಿಗೆ 2.8 ಕೆಎ, 500 ರದ್ದು ಬಂದ ಮ್ಯಾಲ 3.2 ಕೆಎ. ಟಿಸಿ ಡಬಲ್ ಆದ್ರೂ ಮ್ಯಾಲ ಏರಿದ್ದು ಇಷ್ಟೇ, ಯಾಕಂದ್ರ ಅಲ್ಲಿ ಕರೆಂಟ್ ಹಿಡಿಯೋದು ಟಿಸಿ ಅಲ್ಲ, ತಂತಿ. ಮ್ಯಾಲ ಸಾದಾ 10 ಕೆಎ ಎಂಸಿಬಿ ಬೇಕಾದಷ್ಟಾತು. ಕೆಳಗಿನ ಬೋರ್ಡ್ ಮೇನ್ ಪಕ್ಕಾನೇ ಅದ, ಅಲ್ಲಿ ಫೇಸ್-ನ್ಯೂಟ್ರಲ್ 9 ಕೆಎ ಸನೇಕ ಬರ್ತದ, 10 ಕೆಎ ಅಲ್ಲೂ ನಡೀತದ. ಎಂಸಿಸಿಬಿ ಮತ್ತ ಎಂಸಿಬಿ ಒಂದೇ ಕಂಪನೀದು ತಗೊಂಡ್ವಿ, ಯಾವ ಮೇನ್ ಹಿಂದ ಯಾವ ಎಂಸಿಬಿ ಎಷ್ಟು ಕೆಎತನಾ ತಡೀತದ ಅನ್ನೋ ಟೇಬಲ್ ಕಂಪನಿಯವ್ರು ಟೆಸ್ಟ್ ಮಾಡಿ ಕೊಟ್ಟಿರ್ತಾರ, ಅದು ಅವ್ರವ್ರ ಸಾಮಾನಿಗೆ ಅಷ್ಟೇ ನಡೀತದ. ಒಂದು ತಕರಾರು ಏನಂದ್ರ, ಹತ್ರದಾಗ ದೊಡ್ಡ ಶಾರ್ಟ್ ಆದ್ರ ಸಣ್ಣ ಎಂಸಿಬಿ ಜೊತಿ ಮೇನೂ ಬೀಳಬಹುದು, ಇಡೀ ಮನಿ ಕತ್ತಲ. ಅದನ್ನ ಒಪ್ಕೊಂಡೇ ಹಾಕೀವಿ.

ಆರ್‌ಸಿಸಿಬಿ ಬಗ್ಗೆ ಒಂದೆರಡು ಮಾತು, ಇದನ್ನ ಬಿಟ್ರ ಮಿಕ್ಕಿದ್ದೆಲ್ಲಾ ಅರ್ಧ. ಅದು ಶಾರ್ಟ್ ಕಡಿಯೋ ಸಾಮಾನಲ್ಲ, ಅದಕ್ಕ ಮುಂದ ಎಂಸಿಬಿ ಇಲ್ಲಾ ಫ್ಯೂಸ್ ಕಾವಲು ಇರಲೇಬೇಕು, ಅದರ ಮೈ ಮ್ಯಾಲ ಫ್ಯೂಸ್ ಚಿತ್ರದ ಪಕ್ಕ ಬರೆದ ನಂಬರ್ ಆ ಕಾವಲಿನ ಲೆಕ್ಕ. ಆದ್ರ ಅರ್ಥ್ ಫಾಲ್ಟಿಗೆ ಎಂಸಿಬಿ ಕೆಲಸಕ್ಕ ಬರಂಗಿಲ್ಲ. ನಮ್ಮ ಅರ್ಥ್ ಪಿಟ್ 4 ಓಮ್ ಬಂತು, ಟಿಸಿ ಕಡಿ ಅರ್ಥ್ ಒಂದು ಓಮ್ ಹಿಡಿದ್ರ 230 ವೋಲ್ಟಿಗೆ ಹರಿಯೋದು ಬರೇ 46 ಆಂಪಿಯರ್. ಸಿ ಕರ್ವ್ (ರೇಟಿಂಗಿನ ಐದರಿಂದ ಹತ್ತು ಪಟ್ಟಿನೊಳಗ ಥಟ್ಟನೆ ಬೀಳೋ ಜಾತಿ) 16 ಆಂಪಿಯರ್ ಎಂಸಿಬಿ ಥಟ್ಟನೆ ಬೀಳೋ ಖಾತ್ರಿ ಸಿಗ್ಬೇಕಂದ್ರ 160 ಬೇಕು, 46 ಕ್ಕ ಅದು ಹತ್ತಾರು ಸೆಕೆಂಡ್ ತಗೋಬಹುದು, ಅಷ್ಟೊತ್ತು ಗೀಸರ್ ಮೈಯಾಗ ಕರೆಂಟ್. ತಂತಿ-ತಂತಿ ಕೂಡಿದ್ರ ಸಾವಿರಗಟ್ಟಲೆ ಆಂಪಿಯರ್, ತಂತಿ ಮಣ್ಣಿಗೆ ಹತ್ತಿದ್ರ ನಾಲ್ವತ್ತು ಚಿಲ್ಲರ, ಅದೂ ಒಂದೇ ಮನ್ಯಾಗ. ನಮ್ಮ ಎರಿ ಮಣ್ಣು ಏಪ್ರಿಲ್-ಮೇ ಒಳಗ ಬಿರುಕು ಬಿಟ್ಟು ಒಣಗ್ತದ, ಆಗ ಓಮ್ ಇನ್ನೂ ಏರ್ತದ. ಹಂಗಾಗಿ ಫ್ಲೋರಿಗೊಂದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿ, ತಿಂಗಳಿಗೊಮ್ಮಿ ಟೆಸ್ಟ್ ಬಟನ್ ಒತ್ತಾಕ ಬಾಡಿಗಿಯವ್ರಿಗೂ ಹೇಳೀನಿ.

ಬಿಸಿಲಿನ ಮಾತು ಬಂತಂತ: ಎಂಸಿಬಿ ರೇಟಿಂಗ್ 30 ಡಿಗ್ರಿಗೆ ಹೊಂದಿಸಿದ್ದು, ನಮ್ಮೂರ ಮೇ ತಿಂಗಳಾಗ ಪಡುವಣ ಗೋಡಿ ಮ್ಯಾಲಿನ ಬೋರ್ಡ್ ಎಷ್ಟು ಕಾಯ್ತದ ಅಂತ ನಿಮಗೇ ಗೊತ್ತು. ಎಸಿ ಎಂಸಿಬಿಗಳನ್ನ ಒಂದಕ್ಕೊಂದು ಒತ್ತಿ ಕೂಡಸಬ್ಯಾಡ್ರಿ, ನಡುವ ಜಾಗ ಬಿಡಸ್ರಿ.

ಖರ್ಚು ನಮಗಾದಷ್ಟು: ಎಂಸಿಸಿಬಿ 8,600 ರೂಪಾಯಿ, ಪೆಟ್ಟಿಗಿ 2,200, ಲಗ್-ಗ್ಲ್ಯಾಂಡ್-ಟೂಲ್ ಬಾಡಿಗಿ ಕೂಡಿ ಸಾವಿರದ ಹತ್ರ, ಗೋಡಿ ಕೊರೆದು ಮತ್ತ ಬಣ್ಣ 3,500, ವೈರ್‌ಮನ್‌ಗ ಮ್ಯಾಲ 2,500. ಗೋಡಿ ಬಣ್ಣದ ರೊಕ್ಕ ಪೂರ್ತಿ ದಂಡ, ಪ್ಲಾಸ್ಟರ್‌ಗಿಂತ ಮೊದಲೇ ಟಿಸಿ ನೇಮ್‌ಪ್ಲೇಟ್ ನೋಡಿ ಪೆಟ್ಟಿಗಿ ಜಾಗ ಬಿಡಿಸಿದವ್ರಿಗೆ ಅದು ಉಳೀತದ.

ಮತ್ತ ಇದನ್ನ ಓದಿ ಎಲ್ರೂ ಎಂಸಿಸಿಬಿ ತರಾಕ ಹೋಗಬ್ಯಾಡ್ರಿ. ಸಿಂಗಲ್ ಫೇಸ್ ಮನಿ, ಟಿಸಿ ಮೂವತ್ತು-ನಾಲ್ವತ್ತು ಮೀಟರ್ ಆಚೆ, 100 ಕೆವಿಎ ಅಂದ್ರ ಟಿಸಿ ಬಾಯಾಗೇ 3 ಕೆಎ ದಾಟಂಗಿಲ್ಲ, ನಿಮ್ಮ ಮನಿಗೆ ಬರೋದು ಅದರಾಗ ಎಷ್ಟೋ ಕಡಿಮಿ, ಐಎಸ್‌ಐ ಇರೋ 10 ಕೆಎ ಎಂಸಿಬಿ ಮೇನಿಗೂ ಧಾರಾಳ ಆತು. ಆ ಉಳಿದ ರೊಕ್ಕದಾಗ ಆರ್‌ಸಿಸಿಬಿ ಹಾಕಸ್ರಿ.